ಹಪ್ಪಳದ ಹಿಟ್ಟು, ನಾಲ್ಕು ವರ್ಷದ ಕೈ

ನಾನು ಬೆಂಗಳೂರಿನ ಒಂದು ಶಿಶುವಿಹಾರದಲ್ಲಿ ಟೀಚರ್. ನರ್ಸರಿ ಮತ್ತು ಎಲ್‌ಕೆಜಿ ಮಕ್ಕಳ ಜೊತೆ ನನ್ನ ದಿನ ಕಳೆಯುತ್ತದೆ. ಬೇಸಿಗೆ ರಜೆ ಬಂತೆಂದರೆ ಊರಿಗೆ ಹೋಗುತ್ತೇನೆ. ಶಿರಸಿಯಿಂದ ಒಳಗೆ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ ನಮ್ಮ ಮನೆ. ಅಲ್ಲಿ ಏಪ್ರಿಲ್ ಕೊನೆ, ಮೇ ತಿಂಗಳು ಅಂದರೆ ಹಲಸಿನ ಹಪ್ಪಳದ ಕಾಲ. ಹಲಸಿನಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು, ಬಿಸಿಲು ಜೋರಾಗಿರಬೇಕು, ಮಳೆ ಇನ್ನೂ ಹಿಡಿದಿರಬಾರದು. ಈ ನಾಲ್ಕೂ ಕೂಡಿಬರುವುದು ಕೆಲವೇ ವಾರ. ಆ ವಾರಗಳಲ್ಲಿ ಮನೆಯ ಹೆಂಗಸರಿಗೆ ಬೇರೆ ಯೋಚನೆಯೇ ಇರುವುದಿಲ್ಲ.

ಮೊದಲೆಲ್ಲ ರಜೆಗೆ ಹೋದರೆ ಅರ್ಧ ಹೊತ್ತು ನಿದ್ದೆ, ಅರ್ಧ ಹೊತ್ತು ನೆಂಟರ ಮನೆ. ಈ ಸಲ ಹಪ್ಪಳದ ಕೆಲಸಕ್ಕೆ ಪೂರ್ತಿ ಕೂರುತ್ತೇನೆ ಅಂತ ಆಯಿಗೆ, ಅಂದರೆ ಅಮ್ಮನಿಗೆ, ಮೊದಲೇ ಫೋನಿನಲ್ಲಿ ಹೇಳಿದ್ದೆ. ನನ್ನ ಜೊತೆ ಮಕ್ಕಳೂ ಕೂತರು. ಅಣ್ಣನ ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಕೂಸು ಅಂತಲೇ ಕರೆಯುತ್ತಾರೆ. ಅಕ್ಕನ ಮಗನಿಗೆ ಏಳು ವರ್ಷ, ಅವನು ಮಾಣಿ. ಇಬ್ಬರ ಕೈಯನ್ನೂ ನಾನು ದಿನಗಟ್ಟಲೆ ನೋಡಿದೆ. ಶಾಲೆಯಲ್ಲಿ ನೋಡುವುದೂ ಅದನ್ನೇ, ಮಕ್ಕಳ ಕೈ. ಆದರೆ ಅಂಗಳದಲ್ಲಿ ನೋಡಿದ್ದು ಬೇರೆ.

ಕಾಯಿ ಇಳಿಸುವುದರಿಂದ ಶುರು ಮಾಡುತ್ತೇನೆ. ನಮ್ಮಲ್ಲಿ ಹಲಸಿನ ಮರಗಳಿಗೆ ಇರುವ ಜಾಗವೇ ಹೆಸರು. ಕೊಟ್ಟಿಗೆ ಹಿಂದಿನದು, ಗದ್ದೆ ಬದಿಯದು, ಬಾವಿಕಟ್ಟೆಯದು. ಬೀಜದಿಂದ ಹುಟ್ಟಿದ ಮರಗಳಾದ್ದರಿಂದ ಒಂದರ ಕಾಯಿ ಇನ್ನೊಂದರ ಹಾಗೆ ಇರುವುದಿಲ್ಲ. ಬಾವಿಕಟ್ಟೆಯ ಮರದ ಹಣ್ಣು ತಿನ್ನಲು ಬಹಳ ರುಚಿ, ಹಪ್ಪಳಕ್ಕೆ ಆಗಿ ಬರುವುದಿಲ್ಲ. ಹಪ್ಪಳಕ್ಕೆ ಗದ್ದೆ ಬದಿಯ ಮರವೇ ಆಗಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ಆಯಿಗೆ ಅವಳ ಅತ್ತೆ ಹೇಳಿದ್ದು.

ಅಣ್ಣ ಮರ ಹತ್ತಿ, ಕಾಯಿಯ ತೊಟ್ಟಿಗೆ ಹಗ್ಗ ಕಟ್ಟಿ, ಆಮೇಲೆ ಕಡಿದು ನಿಧಾನಕ್ಕೆ ಇಳಿಸಿದ. ಹಾಗೇ ಬೀಳಿಸಿದರೆ ಒಳಗಿನ ತೊಳೆ ಜಜ್ಜಿಹೋಗುತ್ತದೆ. ಕಡಿಯುವ ಮುಂಚೆ ಆಯಿ ಕೆಳಗೆ ನಿಂತೇ ಯಾವುದು ಬಲಿತಿದೆ ಅಂತ ತೋರಿಸಿದಳು. ಮುಳ್ಳುಗಳ ನಡುವೆ ಜಾಗ ಬಿಟ್ಟಿರಬೇಕು, ತುದಿ ಸ್ವಲ್ಪ ಚಪ್ಪಟೆ ಆಗಿರಬೇಕು. ಇಳಿಸಿದ ಮೇಲೆ ಬಡಿದು ನೋಡುವುದು. ಎಳೆಯದಾದರೆ ಗಟ್ಟಿ ಸದ್ದು, ಹಣ್ಣಾಗಲು ಹತ್ತಿದ್ದರೆ ಪೊಳ್ಳು ಸದ್ದು. ಬೇಕಾದ್ದು ಇವೆರಡರ ನಡುವಿನದು. ಸ್ವಲ್ಪ ಹಣ್ಣಾದರೂ ಸಿಹಿ ಏರಿಬಿಡುತ್ತದೆ. ಸಿಹಿ ಜಾಸ್ತಿ ಇರುವ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗುತ್ತದೆ.

ಆಯಿ ಬಡಿದಳು. ದೊಡ್ಡಾಯಿ, ಅಂದರೆ ದೊಡ್ಡಮ್ಮ, ಬಡಿದರು. ಮಾಣಿ ಬಡಿದ. ಕೂಸೂ ಎರಡು ಕೈಯಲ್ಲಿ ಬಡಿದು, ಕಾಯಿಗೆ ಕಿವಿ ಇಟ್ಟಳು. "ಯಾವ್ದು ಅಡ್ಡಿಲ್ಲೆ?" ಅಂತ ಆಯಿ ಅವಳನ್ನೇ ಕೇಳಿದಳು. ಕೂಸು ಒಂದನ್ನು ತೋರಿಸಿತು. ಆಯಿ ಮತ್ತೆ ಅದನ್ನು ಬಡಿದು ಕೇಳಿ, ಬದಿಗಿಟ್ಟಳು. ಅದು ಸ್ವಲ್ಪ ಎಳೆಯದು, ಪಲ್ಯಕ್ಕಾಯಿತು. ಆದರೆ ಆಯಿ ಕೇಳಿದ್ದು ಸುಮ್ನೆ ಅಲ್ಲ. ಇಷ್ಟು ಕಾಯಿ ಬಡಿದು ಬಡಿದೇ ಕಿವಿಗೆ ಸದ್ದು ಹತ್ತಬೇಕು. ನಾಲ್ಕು ವರ್ಷಕ್ಕೆ ಶುರು ಮಾಡಿದರೆ ಹತ್ತು ವರ್ಷಕ್ಕೆ ಬಂದೀತು.

ಕೊಯ್ಯುವುದು ಅಂಗಳದಲ್ಲಿ. ಗೋಣಿಚೀಲದ ಮೇಲೆ ಬಾಳೆಎಲೆ ಹಾಸಿ, ಮೆಟ್ಟುಗತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ದೊಡ್ಡಾಯಿ ಕೂತರು. ಹಲಸಿನ ಮೇಣ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ. ಕಾಯಿ ಸೀಳಿದ ಕೂಡಲೇ ಬೆಳ್ಳಗೆ ಒಸರುವ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯಬೇಕು. ಆ ಕೆಲಸ ಮಾಣಿಯದು. ಹಿಂದೆ ತೂತಾದ ಕೊಡಪಾನಕ್ಕೆ ಈ ಮೇಣವನ್ನೇ ಮೆತ್ತುತ್ತಿದ್ದರು ಅಂತ ದೊಡ್ಡಾಯಿ ಹೇಳಿದರು. ಅವನು ಆ ಕಡ್ಡಿಯನ್ನು ಸಂಜೆವರೆಗೂ ಬಿಡಲಿಲ್ಲ.

ತೊಳೆ ಬಿಡಿಸುವುದಕ್ಕೆ ಎಲ್ಲರೂ ಸುತ್ತ ಕೂತೆವು. ತೊಳೆ ಒಂದು ಪಾತ್ರೆಗೆ, ಬೇಳೆ (ಹಲಸಿನ ಬೀಜ) ಇನ್ನೊಂದಕ್ಕೆ, ಸಾಡೆ (ತೊಳೆಗಳ ನಡುವಿನ ನಾರು) ಮತ್ತು ಸಿಪ್ಪೆ ದನಕ್ಕೆ. ಮೂರು ಬುಟ್ಟಿ, ಮೂರು ಗತಿ. ಒಂದು ಬೇಳೆ ತಪ್ಪಿ ತೊಳೆಯ ಪಾತ್ರೆಗೆ ಹೋದರೆ ಕುಟ್ಟುವಾಗ ಅಡ್ಡ ಬರುತ್ತದೆ. ಬೇಳೆಯ ಸುತ್ತ ಜಾರುವ ಪೊರೆ ಇರುತ್ತದೆ. ಅದನ್ನು ಹಿಡಿಯಲು ಹೆಬ್ಬೆರಳು, ತೋರುಬೆರಳು ಎರಡೂ ಸರಿಯಾಗಿ ಕೂಡಬೇಕು. ಕೂಸಿಗೆ ಮೊದಮೊದಲು ಬೇಳೆ ಕೈಯಿಂದ ಚಿಮ್ಮಿ ಹೋಗುತ್ತಿತ್ತು. ಎದ್ದು ಹೋಗಿ ಹೆಕ್ಕಿ ತರುತ್ತಿದ್ದಳು. ಯಾರೂ "ಬಿಡು, ನಾನು ಮಾಡ್ತೆ" ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಉಗುರಿನಿಂದ ಪೊರೆ ಸೀಳುವುದನ್ನು ಕಂಡುಕೊಂಡಳು. ಪೊರೆ ಸಮೇತ ಎಳೆದರೆ ಬೇಳೆ ತಾನಾಗಿ ಬರುತ್ತದೆ. ನಾನು ಅವಳನ್ನು ನೋಡಿ ಹಾಗೇ ಮಾಡತೊಡಗಿದೆ, ಕೆಲಸ ಬೇಗ ಸಾಗಿತು.

ಮಾಣಿಗೆ ಒಂದು ಪ್ರಶ್ನೆ ಬಂತು. "ಚಿಕ್ಕೀ, ಮಾವಿನಹಣ್ಣಿಗೆ ಒಂದೇ ಗೊರಟೆ. ಇದ್ರಲ್ಲಿ ಎಂತಕ್ಕೆ ಇಷ್ಟು?" ಒಳ್ಳೆ ಪ್ರಶ್ನೆ. ಹಲಸಿನಕಾಯಿ ಒಂದು ಹೂವಿನಿಂದ ಆದದ್ದಲ್ಲ. ಒಂದೇ ದಿಂಡಿನ ಸುತ್ತ ಒತ್ತೊತ್ತಾಗಿ ಇರುವ ಲೆಕ್ಕವಿಲ್ಲದಷ್ಟು ಪುಟ್ಟ ಹೂಗಳು ಕೂಡಿ ಆದದ್ದು. ಒಂದೊಂದು ತೊಳೆಯೂ ಒಂದೊಂದು ಹೂವು. ಪರಾಗ ಸಿಕ್ಕಿದ ಹೂವು ತೊಳೆಯಾಯಿತು, ಸಿಗದಿದ್ದದ್ದು ಸಾಡೆಯಾಗಿ ಉಳಿಯಿತು. ಇದನ್ನು ಹೇಳಿದ ಮೇಲೆ ಅವನು ಸಾಡೆಯನ್ನು ಬುಟ್ಟಿಗೆ ಎಸೆಯುವ ಮುಂಚೆ ಬಿಡಿಸಿ ಬಿಡಿಸಿ ನೋಡತೊಡಗಿದ. ಕೆಲಸ ನಿಧಾನವಾಯಿತು. ದೊಡ್ಡಾಯಿ ಒಮ್ಮೆ ಅವನ ಕಡೆ ನೋಡಿ, ತಮ್ಮ ಕೆಲಸ ಮುಂದುವರಿಸಿದರು.

ತೊಳೆಗಳನ್ನು ದೊಡ್ಡ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸಬೇಕು. ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ಹಿಟ್ಟು ತೆಳ್ಳಗಾಗಿ ಕೈಗೆ ಬರುವುದಿಲ್ಲ. ಬೆಂದದ್ದನ್ನು ಬಿಸಿ ಇರುವಾಗಲೇ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುವುದು. ಈಗ ಬಹಳ ಮನೆಗಳಲ್ಲಿ ಗ್ರೈಂಡರ್ ಬಂದಿದೆ. ಗ್ರೈಂಡರಿಗೆ ಹಾಕಿದರೆ ತಿರುಗಲು ನೀರು ಬೇಕಾಗುತ್ತದೆ, ನೀರು ಸೇರಿದರೆ ಒಣಗುವುದು ತಡ ಅಂತ ಆಯಿಯ ವಾದ. ಅತ್ತಿಗೆ ಮತ್ತು ಆಚೆಮನೆಯವರು ಎದುರುಬದುರು ನಿಂತು ಒಂದರ ಮೇಲೊಂದು ಏಟು ಹಾಕಿದರು. ಹಿಟ್ಟು ನುಣ್ಣಗಾಗುತ್ತಿದ್ದಂತೆ ಉಪ್ಪು, ಮೆಣಸಿನಪುಡಿ, ಜೀರಿಗೆ, ಇಂಗು. ಮೈದಾ ಇಲ್ಲ, ಸೋಡಾ ಇಲ್ಲ. ಈ ಹೊತ್ತಿನಲ್ಲಿ ಮಾತ್ರ ಮಕ್ಕಳಿಗೆ ಒಲೆಯ ಹತ್ತಿರವೂ ಒರಳಿನ ಹತ್ತಿರವೂ ಪ್ರವೇಶ ಇಲ್ಲ. ಗೆರೆ ಎಳೆದಂತೆ ಜಗಲಿಯ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಎಲ್ಲದಕ್ಕೂ ಬಿಟ್ಟುಕೊಂಡವರು ಇದೊಂದಕ್ಕೆ ಬೇಡ ಅಂದಾಗ ಮಕ್ಕಳು ತಕರಾರು ಮಾಡಲಿಲ್ಲ. ಜಾಸ್ತಿ ಬೇಡ ಅನ್ನದ ಮನೆಯಲ್ಲಿ ಬೇಡ ಅನ್ನುವುದಕ್ಕೆ ತೂಕ ಇರುತ್ತದೆ.

ಆಮೇಲೆ ಹಿಟ್ಟು ತಿನ್ನುವುದು. ಇದು ನಮ್ಮ ಕಡೆಯ ಎಲ್ಲ ಮಕ್ಕಳಿಗೂ ಗೊತ್ತು. ಬಾಳೆಎಲೆ ಚೂರಿನ ಮೇಲೆ ಬಿಸಿ ಹಪ್ಪಳದ ಹಿಟ್ಟು, ಮೇಲೆ ತೆಂಗಿನೆಣ್ಣೆ. ನನಗೂ ಒಂದು ಎಲೆ ಸಿಕ್ಕಿತು. ಬೆಂಗಳೂರಿನಲ್ಲಿ ಹಪ್ಪಳ ಕೊಳ್ಳಬಹುದು, ಈ ಹಿಟ್ಟು ಎಲ್ಲೂ ಸಿಗುವುದಿಲ್ಲ.

ಈಗ ಉಂಡೆ ಕಟ್ಟುವ ಭಾಗ. ನಾನು ಇದನ್ನು ಬರೆಯಲು ಕೂತದ್ದೇ ಮುಖ್ಯವಾಗಿ ಇದಕ್ಕಾಗಿ.

"ಕೂಸೇ, ಮೊದ್ಲು ಕೈ ತೊಳ್ಕಂಡು ಬಾ" ಅಂದಳು ಆಯಿ. ಅವಳು ಬಂದಳು. ಅಂಗೈಗೆ ಎಣ್ಣೆ ಹಾಕಿಸಿಕೊಂಡಳು. ಆಯಿ ಒಂದು ಉಂಡೆ ಮಾಡಿ ತಟ್ಟೆಯಲ್ಲಿ ಇಟ್ಟಳು. ಗೋಲಿಗಿಂತ ದೊಡ್ಡದು, ನಿಂಬೆಗಿಂತ ಸಣ್ಣದು. ಹೀಗೆ ಮಾಡು, ಹಾಗೆ ಹಿಡಿ ಅಂತ ಒಂದು ಮಾತೂ ಇಲ್ಲ. ಕೂಸು ಹಿಟ್ಟು ಚಿವುಟಿ ಎರಡು ಅಂಗೈ ನಡುವೆ ಇಟ್ಟು ಉರುಳಿಸಿತು. ಮೊದಲು ಒತ್ತಿ ಒತ್ತಿ ಉರುಳಿಸಿದ್ದಕ್ಕೆ ಉದ್ದಕ್ಕೆ ಬಂತು. ಆಯಿಯ ಉಂಡೆಯ ಪಕ್ಕ ಇಟ್ಟು ನೋಡಿದಳು. ಮತ್ತೆ ತೆಗೆದುಕೊಂಡು ಅಂಗೈಯನ್ನು ಸ್ವಲ್ಪ ಬಟ್ಟಲು ಮಾಡಿ, ಕೈಯನ್ನು ಸುತ್ತ ತಿರುಗಿಸಿದಳು. ಈ ಸಲ ದುಂಡಗಾಯಿತು. ಮತ್ತೆ ಪಕ್ಕದಲ್ಲಿ ಇಟ್ಟಳು. ದೊಡ್ಡದಾಗಿತ್ತು. ಸ್ವಲ್ಪ ಚಿವುಟಿ ತೆಗೆದಳು, ಮತ್ತೆ ಉರುಳಿಸಿದಳು. ಆಯಿ ಆ ಉಂಡೆಯನ್ನು ತೆಗೆದು ಮಣೆಯ ಮೇಲಿಟ್ಟು ಒತ್ತಿಯೇಬಿಟ್ಟಳು. ಅದು ಹಪ್ಪಳವಾಯಿತು. ಕೂಸಿನ ಮುಖ ನೋಡಬೇಕಿತ್ತು.

ಶಾಲೆಯಲ್ಲಿ ಇದೇ ಕೆಲಸವನ್ನು ನಾವು ಬಣ್ಣದ ಕ್ಲೇಯಲ್ಲಿ ಮಾಡಿಸುತ್ತೇವೆ. ಯಾಕೆ ಮಾಡಿಸುತ್ತೇವೆ ಅನ್ನುವುದನ್ನು ಅಪ್ಪ ಅಮ್ಮಂದಿರಿಗೆ ಪ್ರತಿ ವರ್ಷ ಹೇಳಬೇಕಾಗುತ್ತದೆ. ಇಲ್ಲೂ ಹೇಳುತ್ತೇನೆ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಮಗು ಹುಟ್ಟುವಾಗ ಅವು ಗಟ್ಟಿ ಮೂಳೆ ಆಗಿರುವುದಿಲ್ಲ, ಕಿವಿಯ ಮೇಲ್ಭಾಗದಲ್ಲಿ ಇರುವಂಥ ಮೆದುವಾದ ಎಲುಬು. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯದು ಗಟ್ಟಿಯಾಗಲು ಶುರುವಾಗುವ ಹೊತ್ತಿಗೆ ಮಗುವಿಗೆ ಒಂಬತ್ತು, ಹತ್ತು, ಕೆಲವರಿಗೆ ಹನ್ನೆರಡು ವರ್ಷವೂ ಆಗಿರುತ್ತದೆ. ಹಾಗಿರುವಾಗ ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಗೆರೆಯೊಳಗೆ ಅಕ್ಷರ ಬರೆಸುವುದರಲ್ಲಿ ಅರ್ಥ ಇಲ್ಲ. ಆ ವಯಸ್ಸಿಗೆ ಬೇಕಾದ್ದು ಹಿಂಡುವುದು, ಚಿವುಟುವುದು, ಉರುಳಿಸುವುದು, ಬಿಡಿಸುವುದು. ಅಂಗೈ ಬಟ್ಟಲಾಗುವುದನ್ನು ಕಲಿತ ಕೈಗೆ ಪೆನ್ಸಿಲ್ ಹಿಡಿಯುವುದು ಆಮೇಲೆ ಸುಲಭ. "ನಮ್ಮ ಮಗು ಇನ್ನೂ ಎಬಿಸಿಡಿ ಬರೆಯಲ್ವಲ್ಲ ಮೇಡಂ" ಅಂತ ಜುಲೈ ತಿಂಗಳಲ್ಲೇ ಕೇಳುವವರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ಬರೆಸುವುದಿಲ್ಲ.

ಕ್ಲೇಗೂ ಹಪ್ಪಳದ ಹಿಟ್ಟಿಗೂ ಕೈಯ ಕೆಲಸ ಒಂದೇ. ವ್ಯತ್ಯಾಸ ಇರುವುದು ಆಮೇಲೆ. ಕ್ಲೇ ಉಂಡೆ ಮಾಡಿದ ಮಗು ಅದನ್ನು ನನಗೆ ತೋರಿಸುತ್ತದೆ. ನಾನು "ವೆರಿ ಗುಡ್" ಅನ್ನುತ್ತೇನೆ. ಆಮೇಲೆ ಎಲ್ಲವನ್ನೂ ಒಟ್ಟು ಮಾಡಿ ಡಬ್ಬಿಗೆ ತುಂಬುತ್ತೇವೆ. ರಾಜ್ಮಾ ಕಾಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಚಮಚದಲ್ಲಿ ಹಾಕಿಸುತ್ತೇವೆ, ಮಗು ಹೋದ ಮೇಲೆ ಕಾಳು ವಾಪಸ್ ಮೊದಲಿನ ಬಟ್ಟಲಿಗೆ. ಆ ಕೆಲಸ ಯಾರಿಗೂ ಬೇಕಾಗಿರಲಿಲ್ಲ ಅನ್ನುವುದು ಮಗುವಿಗೆ ಗೊತ್ತಾಗುತ್ತದೆ. ಅದಕ್ಕೇ ನಮ್ಮ ಹೊಗಳಿಕೆ ಅಷ್ಟು ಬೇಕಾಗುತ್ತದೆ ಅಂತ ನನಗೆ ಈ ಬೇಸಿಗೆಯಲ್ಲಿ ಅನ್ನಿಸಿತು. ಅಂಗಳದಲ್ಲಿ ಕೂಸನ್ನು ಯಾರೂ ಹೊಗಳಲಿಲ್ಲ. ಆಯಿ ಹೇಳಿದ್ದು ಒಂದೇ, "ಇನ್ನೊಂದು ಕೊಡು." ಮಣೆ ಕಾಯುತ್ತಿದೆ, ಉಂಡೆ ಬೇಕು. ಆ "ಇನ್ನೊಂದು ಕೊಡು" ಕೇಳಿದಾಗಲೆಲ್ಲ ಕೂಸು ಸ್ವಲ್ಪ ನೆಟ್ಟಗೆ ಕೂರುತ್ತಿತ್ತು.

ಇದು ಹೊಸ ವಿಷಯವೇನಲ್ಲ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ 'ಮಕ್ಕಳ ಮನೆ' ಅನ್ನುವ ತನ್ನ ಮೊದಲ ಶಾಲೆ ತೆರೆದಾಗ ಕಂಡದ್ದೂ ಇದನ್ನೇ. ಮಕ್ಕಳು ಆಟಿಕೆಯನ್ನು ಬದಿಗಿಟ್ಟು ನಿಜವಾದ ಕೆಲಸಕ್ಕೆ ಕೈ ಹಾಕುತ್ತಿದ್ದರು. ಆಕೆ 1939ರಲ್ಲಿ ಭಾರತಕ್ಕೆ ಬಂದು ಮದ್ರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ನಮ್ಮ ತರಬೇತಿಯಲ್ಲೂ ಇದನ್ನೆಲ್ಲ ಓದಿದ್ದೇವೆ. ಗುಂಡಿ ಹಾಕುವುದು, ನೀರು ಸುರಿಯುವುದು, ಬಟ್ಟೆ ಮಡಿಸುವುದು, ಚಾಪೆ ಸುತ್ತುವುದು ಎಲ್ಲ ಪಾಠದ ಪಟ್ಟಿಯಲ್ಲಿದೆ. ಆದರೆ ಶಾಲೆಗೆ ಬರುವಷ್ಟರಲ್ಲಿ ಕೆಲಸದೊಳಗಿನ ಅಗತ್ಯ ಸೋರಿಹೋಗಿರುತ್ತದೆ. ಮಡಿಸಿದ ಬಟ್ಟೆಯನ್ನು ಬಿಚ್ಚಿ ಮುಂದಿನ ಮಗುವಿಗೆ ಕೊಡುತ್ತೇವೆ.

ಮಣೆಯ ವಿಷಯಕ್ಕೆ ಬರುತ್ತೇನೆ. ಎರಡು ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರಿ, ನಡುವೆ ಉಂಡೆ ಇಟ್ಟು, ಮೇಲೆ ಹಲಗೆ ಇಟ್ಟು ಒತ್ತಿದರೆ ಹಪ್ಪಳ. ಹಿಂದೆ ಪ್ಲಾಸ್ಟಿಕ್ ಬದಲು ಬಾಳೆಎಲೆ. ಒತ್ತುವುದು ಮಾಣಿಗೆ ಬಹಳ ಇಷ್ಟ, ಎದ್ದು ನಿಂತು ಮೈಭಾರವನ್ನೆಲ್ಲ ಹಾಕುತ್ತಿದ್ದ. ಹಲಗೆ ಎತ್ತಿದಾಗ ಕೂಸು ಕೂಗಿತು: "ಅತ್ತೇ, ಜಾಸ್ತಿ ಆತು!"

ಪುಟ್ಟ ಉಂಡೆ ಇದ್ದದ್ದು ಅಂಗೈಗಿಂತ ಅಗಲವಾಯಿತು. ಅವಳ ಲೆಕ್ಕದಲ್ಲಿ ಹಿಟ್ಟು ಹೆಚ್ಚಾಯಿತು. ಮಾಣಿ ಬಿಡಲಿಲ್ಲ. "ಇಲ್ಲೆ, ಅಷ್ಟೇ ಇದ್ದು. ಅಗಲ ಆತು ಅಷ್ಟೇ." ಕೂಸು ಒಪ್ಪಲಿಲ್ಲ. ಮಾಣಿ ಒಂದು ಹಪ್ಪಳವನ್ನು ಹಾಳೆಯಿಂದ ಕೆರೆದು ಮತ್ತೆ ಉಂಡೆ ಮಾಡಿ ತೋರಿಸಿದ. "ನೋಡು, ಮೊದ್ಲಿನಷ್ಟೇ." ಕೂಸು ಗಂಭೀರವಾಗಿ ನೋಡಿ ಹೇಳಿತು, "ಈಗ ಕಮ್ಮಿ ಆತು."

ನನಗೆ ಮೈ ಜುಂ ಅಂದಿತು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಮುಂದೆ ಮಣ್ಣಿನ ಉಂಡೆ ಇಟ್ಟು, ಅದನ್ನು ಚಪ್ಪಟೆ ಮಾಡಿ, ಉದ್ದ ಮಾಡಿ, ಈಗ ಮಣ್ಣು ಅಷ್ಟೇ ಇದೆಯೋ, ಜಾಸ್ತಿಯೋ, ಕಮ್ಮಿಯೋ ಅಂತ ಕೇಳಿದ್ದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಓದಿರುವ ವಿಷಯ. ನಾಲ್ಕೈದು ವರ್ಷದ ಮಕ್ಕಳು ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು ಜಾಸ್ತಿ ಅನ್ನುತ್ತಾರೆ. ಏಳರ ಆಸುಪಾಸಿಗೆ, ಆಕಾರ ಬದಲಾದರೂ ಪ್ರಮಾಣ ಬದಲಾಗುವುದಿಲ್ಲ ಅನ್ನುವುದು ತಿಳಿಯತೊಡಗುತ್ತದೆ. ನಾಲ್ಕು ವರ್ಷದವಳೂ ಏಳು ವರ್ಷದವನೂ ಒಂದೇ ಮಣೆಯ ಎರಡು ಬದಿ ಕೂತು, ಯಾರೂ ಕೇಳದೆಯೇ, ಅದೇ ಚರ್ಚೆ ಮಾಡುತ್ತಿದ್ದರು. ನಾನು ನಡುವೆ ಬಾಯಿ ಹಾಕಲಿಲ್ಲ. ಹೇಳಿ ಒಪ್ಪಿಸುವ ವಿಷಯ ಅದಲ್ಲ. ಹಿಟ್ಟು ಕೈಯಲ್ಲಿ ಓಡಾಡುತ್ತ ಓಡಾಡುತ್ತ ಒಂದು ದಿನ ತಾನಾಗಿ ತಿಳಿಯಬೇಕು. ನನ್ನ ಕ್ಲಾಸಿನಲ್ಲಿ ಎಲ್ಲರೂ ಒಂದೇ ವಯಸ್ಸಿನವರು. ಅಲ್ಲಿ ಇಂಥ ಜಗಳ ಹುಟ್ಟುವುದೇ ಇಲ್ಲ.

ಒತ್ತಿದ ಹಪ್ಪಳವನ್ನು ಹಾಳೆಯಿಂದ ಬಿಡಿಸಿ ಚಾಪೆಯ ಮೇಲೆ ಹಾಕುವುದು ನಾಜೂಕಿನ ಕೆಲಸ. ಅದು ಆಯಿ ಮತ್ತು ದೊಡ್ಡಾಯಿಯದೇ. ಅಡಿಕೆ ಒಣಗಿಸುವ ಅಟ್ಟದ ಮೇಲೆ ಚಾಪೆ ಹಾಸಿ, ಸಾಲಾಗಿ ಒಣಗಿಸಿದೆವು. ಆಮೇಲೆ ಕಾಗೆ ಕಾಯುವುದು. ಮಕ್ಕಳು ಕಪ್ಪು ಕೊಡೆ ಬಿಚ್ಚಿಟ್ಟು, ಕೋಲು ಹಿಡಿದು ಕೂತರು. ನರ್ಸರಿ ಮಕ್ಕಳಿಗೆ ಗಮನ ನಿಲ್ಲುವುದಿಲ್ಲ ಅನ್ನುತ್ತಾರೆ. ಕೂಸು ಎಷ್ಟು ಹೊತ್ತು ಕೂತಳೆಂದರೆ, ಅತ್ತಿಗೆ ಬಂದು ನೆರಳಿಗೆ ಕರೆದುಕೊಂಡು ಹೋಗಬೇಕಾಯಿತು. ಅವಳಿಗೆ ಬೇಸರ ಬಂದ ದಿನ ಎದ್ದು ಕರುವಿನ ಹತ್ತಿರ ಹೋದಳು, ಅದನ್ನೂ ಯಾರೂ ತಡೆಯಲಿಲ್ಲ.

ಒಂದು ಬಿಸಿಲಿಗೆ ಹಪ್ಪಳ ಕುಗ್ಗುತ್ತದೆ, ಅಂಚು ಸ್ವಲ್ಪ ಮೇಲೇಳುತ್ತದೆ. ಸಂಜೆ ಮಗುಚಿ ಹಾಕುವಾಗ ಕೂಸು ತನ್ನ ಅಂಗೈ ಇಟ್ಟು ನೋಡಿತು. ಬೆಳಿಗ್ಗೆ ಅಂಗೈಗಿಂತ ದೊಡ್ಡದಿತ್ತು, ಈಗ ಬೆರಳ ತುದಿ ಹೊರಗೆ ಬರುತ್ತಿದೆ. ಯಾರು ತಿಂದರು? ಕಾಗೆ ಬಂದಿಲ್ಲ, ಅವಳೇ ಕಾದಿದ್ದಾಳೆ. ಸ್ವಲ್ಪ ಯೋಚಿಸಿ, "ಬಿಸ್ಲು ತಿಂತು" ಅಂದಳು. ಈ ಸಲ ಮಾಣಿ ವಾದ ಮಾಡಲಿಲ್ಲ. ನೀರನ್ನು ಬಿಸಿಲು ಕೊಂಡೊಯ್ದದ್ದು ನಿಜವೇ ಅಲ್ವಾ. ಅವಳ ಮಾತು ಸರಿಯಾಗಿತ್ತು.

ಮೇ ಮೊದಲ ವಾರ ಭರಣಿ ಮಳೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಗಾದೆ. ತೋಟಕ್ಕೆ ಬೇಕಾದ ಮಳೆ, ಹಪ್ಪಳಕ್ಕೆ ಬೇಡದ ಮಳೆ. ಒಂದು ಮಧ್ಯಾಹ್ನ ಪಶ್ಚಿಮದ ಕಡೆ ಕಪ್ಪು ಕಟ್ಟಿತು, ಗಾಳಿ ಎದ್ದಿತು. ಅಟ್ಟದ ಮೇಲೆ ಅರ್ಧ ಒಣಗಿದ ಹಪ್ಪಳ. ಎಲ್ಲರೂ ಓಡಿದೆವು. ಅಣ್ಣ ತೋಟದಿಂದ ಓಡಿಬಂದ. ಚಾಪೆಗಳನ್ನು ಮಡಿಸುವಂತಿಲ್ಲ, ಹಪ್ಪಳ ಮುರಿಯುತ್ತದೆ. ಇಬ್ಬಿಬ್ಬರು ತುದಿ ಹಿಡಿದು ಹಾಗೇ ಜಗಲಿಗೆ ತರಬೇಕು. ಮಾಣಿ ನನ್ನ ಜೊತೆ ಒಂದು ತುದಿ ಹಿಡಿದ. ಕೂಸು ಬಾಗಿಲು ತೆಗೆದು ಹಿಡಿದುಕೊಂಡು ನಿಂತಳು, ನಾವು ಹತ್ತು ಸಲ ಒಳಗೆ ಹೊರಗೆ ಓಡಾಡುವವರೆಗೂ ಬಿಡಲಿಲ್ಲ. ಅವಳು ನಿಲ್ಲದಿದ್ದರೆ ಗಾಳಿಗೆ ಬಾಗಿಲು ಬಡಿಯುತ್ತಿತ್ತು. ರಾತ್ರಿ ಅಪ್ಪಯ್ಯ ಊಟಕ್ಕೆ ಕೂತಾಗ, "ಇವತ್ತು ಬಾಗ್ಲು ಹಿಡಿದದ್ದು ಯಾರು?" ಅಂತ ಕೇಳಿದರು. "ಆನು" ಅಂದಳು ಕೂಸು, ಅನ್ನ ಕಲಸುತ್ತಲೇ.

ಇಷ್ಟು ಬರೆದ ಮೇಲೆ ಇನ್ನೊಂದು ಮಾತನ್ನೂ ಬರೆಯಲೇಬೇಕು. ಹಪ್ಪಳದ ಕೆಲಸ ಹೆಂಗಸರ ಸೊಂಟ ಮುರಿಯುವ ಕೆಲಸ. ಆಯಿಗೆ ಮಂಡಿನೋವು, ನೆಲದಿಂದ ಏಳುವಾಗ ಕಂಬ ಹಿಡಿಯುತ್ತಾಳೆ. ಮುಯ್ಯಾಳಿನ ಲೆಕ್ಕದಲ್ಲಿ ಆಚೆಮನೆಯವರು ನಮ್ಮಲ್ಲಿಗೆ ಬಂದರೆ ನಾವು ಅವರಲ್ಲಿಗೆ ಹೋಗಬೇಕು. ಒಂದು ಮನೆ ಮುಗಿದರೆ ಇನ್ನೊಂದು. ಅತ್ತಿಗೆ ಒನಕೆ ಕೆಳಗಿಟ್ಟು, "ಪೇಟೆಲಿ ಕಟ್ಟುಗಟ್ಲೆ ಸಿಕ್ತು, ನಂಗೆ ಸಾಕಾತು" ಅಂದಳು. ಅವಳು ಹೇಳಿದ್ದು ಸರಿ. ನಾನು ರಜೆಗೆ ಬಂದು ಕೂತವಳು, ಅವಳು ವರ್ಷಪೂರ್ತಿ ಆ ಮನೆ ನಡೆಸುವವಳು. ಮುಂದಿನ ವರ್ಷ ಕುಟ್ಟುವ ಕೆಲಸಕ್ಕೆ ಗ್ರೈಂಡರ್ ತರೋಣ ಅಂತ ಅಣ್ಣನ ಹತ್ತಿರ ಮಾತಾಡಿ ಬಂದಿದ್ದೇನೆ. ನೀರು ಕಮ್ಮಿ ಹಾಕಿ ನೋಡಿದರಾಯಿತು. ಮಕ್ಕಳ ಕೈಗೆ ಬೇಕಾದ ಉಂಡೆ, ಮಣೆ, ಬೇಳೆ ಎಲ್ಲ ಆಗಲೂ ಇರುತ್ತವೆ.

ಪೂರ್ತಿ ಒಣಗಿದ ಹಪ್ಪಳ ಒಂದಕ್ಕೊಂದು ತಾಗಿದರೆ ಟಕ್ ಅನ್ನಬೇಕು. ಆಮೇಲೆ 25ರ ಕಟ್ಟು. ಮಾಣಿ ಎಣಿಸಿದ. ಅವನು ಐದೈದರ ಗುಂಪು ಮಾಡಿಕೊಂಡು ಎಣಿಸುವುದನ್ನು ತಾನೇ ಹುಡುಕಿಕೊಂಡ, ಯಾಕೆಂದರೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತಿತ್ತು. ಕೂಸು ಬಾಳೆಪಟ್ಟೆಯ ದಾರ ಎತ್ತಿಕೊಟ್ಟಳು. ಕಟ್ಟುಗಳು ಡಬ್ಬಿ ಸೇರಿದವು. ಹಲಸಿನ ಬೇಳೆಗೆ ಕೆಮ್ಮಣ್ಣು ಸವರಿ ಮಳೆಗಾಲಕ್ಕೆ ಎತ್ತಿಟ್ಟರು. ಕೆಂಡದ ಮೇಲೆ ಸುಟ್ಟ ಹಪ್ಪಳ, ಜೊತೆಗೆ ಕಾಯಿಚೂರು, ಅದನ್ನು ತಿಂದು ನಾನು ಬೆಂಗಳೂರಿನ ಬಸ್ ಹತ್ತಿದೆ.

ಶಾಲೆ ತೆರೆಯುವ ಮುಂಚೆ ನಡೆದ ಮೀಟಿಂಗಿನಲ್ಲಿ ನಾನು ಕೇಳಿದ್ದು ಸಣ್ಣ ಬದಲಾವಣೆ. ಮಕ್ಕಳ ಮಧ್ಯಾಹ್ನದ ಊಟಕ್ಕೆ ಬೇಕಾದ ತರಕಾರಿಯಲ್ಲಿ ಬಿಡಿಸುವಂಥದ್ದನ್ನು ಮಕ್ಕಳೇ ಬಿಡಿಸಲಿ. ಬಟಾಣಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು. ಅದು ನಿಜವಾಗಿ ಅಡುಗೆಮನೆಗೆ ಹೋಗಬೇಕು, ಅದೇ ದಿನ ಅವರ ತಟ್ಟೆಗೆ ಬರಬೇಕು. ಊಟದ ಕರವಸ್ತ್ರಗಳನ್ನು ಅವರೇ ಮಡಿಸಲಿ, ಮಡಿಸಿದ್ದನ್ನೇ ಬಳಸೋಣ. ವಾರಕ್ಕೆ ಒಂದು ದಿನ ನರ್ಸರಿ ಮತ್ತು ಯುಕೆಜಿ ಮಕ್ಕಳು ಒಟ್ಟಿಗೆ ಕೂರಲಿ. ಚಪಾತಿ ಮಣೆ ಮತ್ತು ಲಟ್ಟಣಿಗೆಯನ್ನೂ ಕೇಳಿದೆ.

ಬಿಡಿಸುವುದಕ್ಕೂ ಮಡಿಸುವುದಕ್ಕೂ ಒಪ್ಪಿಗೆ ಸಿಕ್ಕಿತು. ಕೈ ತೊಳೆಸುವುದು, ಉಗುರು ನೋಡುವುದು ನನ್ನ ಜವಾಬ್ದಾರಿ. ಒಟ್ಟಿಗೆ ಕೂರಿಸುವುದಕ್ಕೆ ವೇಳಾಪಟ್ಟಿ ನೋಡಿ ಹೇಳುತ್ತೇವೆ ಅಂದರು. ಲಟ್ಟಣಿಗೆಯಿಂದ ಮಕ್ಕಳು ಹೊಡೆದಾಡಿಕೊಂಡರೆ ಅಂತ ಭಯ, ಅದು ಸದ್ಯಕ್ಕೆ ಬೇಡ ಅಂದರು. ಮೊದಲ ಎರಡು ಸರಿಯಾಗಿ ನಡೆದರೆ ದಸರಾ ರಜೆ ಕಳೆದ ಮೇಲೆ ಲಟ್ಟಣಿಗೆಯನ್ನು ಮತ್ತೆ ಕೇಳುತ್ತೇನೆ.